ಇಳಿಜಾರು ಗೊತ್ತಿಲ್ಲದ ಸಾಫ್ಟ್‌ವೇರ್

ಆ ಸಾಫ್ಟ್‌ವೇರಿನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಕೊಂಡುತಂದ ನಮ್ಮ ಸರ್ ಮೇಲೆಯೂ ಇಳಿದಿಲ್ಲ. ಅದರ ಚಿತ್ರ ನೋಡಿ ನನ್ನನ್ನು ಬಾಯಿಗೆ ಬಂದಂತೆ ಬೈದ ಗಡಹಿಂಗ್ಲಜದ ಕಾಕುವಿನ ಮೇಲೆಯೂ ಪೂರ್ತಿ ಇಳಿದಿಲ್ಲ. ಸಿಟ್ಟು ಇಳಿದ ಮೇಲೆ ಬರೆಯಬೇಕು ಎನ್ನುತ್ತಾರೆ. ಹಾಗೆ ಕಾಯುತ್ತ ಕೂತರೆ ನಾನು ಬರೆಯುವುದೇ ಇಲ್ಲ.

ಆಗ ನಾನು ಕೊಲ್ಹಾಪುರದ ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿದ್ದೆ. ಮನೆ ಇಚಲಕರಂಜಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅಪ್ಪ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇಂಟೀರಿಯರ್ ಡಿಪ್ಲೊಮಾ ಮುಗಿಸಿದ್ದ ನನಗೆ ಕಚೇರಿಯಲ್ಲಿ ಇದ್ದ ಕೆಲಸ ಇಷ್ಟು: ಗಿರಾಕಿಯ ಮನೆಯನ್ನು ಅಳೆದು ಬರುವುದು, ಅದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು, ಒಳಗೆ ಸೋಫಾ, ಪರದೆ, ದೀಪ ಎಲ್ಲ ಇಟ್ಟು ಕಣ್ಣು ಕುಕ್ಕುವ ಹಾಗೆ ಬಣ್ಣದ ಚಿತ್ರ ತೆಗೆದುಕೊಡುವುದು. ಸರ್ ಹೊಸ ಸಾಫ್ಟ್‌ವೇರ್ ತಂದಿದ್ದರು. ಅದನ್ನು ಯಾರಾದರೂ ಬೈದರೆ ತಮ್ಮನ್ನೇ ಬೈದಂತೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು. ಫ್ಲ್ಯಾಟು, ಬಂಗಲೆ, ಸ್ಲ್ಯಾಬು ಹಾಕಿದ ಯಾವ ಮನೆಯಾದರೂ ಅದು ಸಲೀಸಾಗಿ ಕಟ್ಟುತ್ತಿತ್ತು. ನಾನೂ ಅದನ್ನು ಹೊಗಳಿದ್ದುಂಟು, ಗಡಹಿಂಗ್ಲಜಕ್ಕೆ ಹೋಗುವವರೆಗೆ.

ಅಲ್ಲಿಗೆ ನನ್ನನ್ನು ಕಳಿಸಿದ್ದು ನನಗೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. "ಆ ಹೆಂಗಸು ಸಿಟ್ಟಿಗೆದ್ದರೆ ಕನ್ನಡದಲ್ಲೇ ಮಾತಾಡುತ್ತಾಳೆ, ನನಗೆ ತಿಳಿಯುವುದಿಲ್ಲ" ಎಂದು ಸರ್ ಮರಾಠಿಯಲ್ಲಿ ಹೇಳಿ ನಕ್ಕಿದ್ದರು. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿ ನಾನು ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಪೇಟೆಯೊಳಗಿನ ಹಳೆಯ ಹಂಚಿನ ಮನೆ ಅದು. ಮುಂದೆ ಒಣಮೆಣಸಿನಕಾಯಿಯ ಅಂಗಡಿ, ಹಿಂದೆ ವಾಸ, ಎರಡರ ಮೇಲೂ ಹಾಸಿದ ಉದ್ದಾನುದ್ದ ಅಟ್ಟ. ಹೊಸ್ತಿಲು ತುಳಿಯುವ ಮೊದಲೇ ನಾನು ಸೀನಲು ಶುರು ಮಾಡಿದೆ. ಗಾದಿಯ ಮೇಲೆ ಕೂತಿದ್ದ ಅಂಗಡಿಯ ಯಜಮಾನರು, ಅಂದರೆ ಕಾಕಾ, ತಲೆ ಎತ್ತಿ ನೋಡಿ ಒಳಗೆ ಬೆರಳು ತೋರಿಸಿದರು. ಒಳಗಿನಿಂದ ಅವರ ಹೆಂಡತಿ, ಕಾಕು, ಬಂದರು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು.

"ಸರ್ ಬರಲಿಲ್ಲೇನ? ನಿನ್ನ ಕಳ್ಸ್ಯಾರೇನ?"

"ಹೌದ್ರಿ ಕಾಕು, ಅಳತಿ ತಗೊಳ್ಳಾಕ ಬಂದೇನ್ರಿ."

"ಅಳತಿ ತಗೊಳ್ಳಾಕ ಬಂದಾಕಿ ಸೀನಾಕತ್ತಿ. ಅಟ್ಟದಾಗ ಇದಕ್ಕಿಂತ ಭಾಳ ಐತಿ ಘಾಟು. ತಡೀತೈತೇನ?" ಎಂದರು. ನೀರು ಬೇಕಾ ಎಂದೂ ಕೇಳಲಿಲ್ಲ.

ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ ಎನ್ನುವುದು ನನಗೆ ಏಣಿಯ ಹತ್ತಿರವೇ ತಿಳಿಯಿತು. ಕಾಕು ನನ್ನತ್ತ ನೋಡುತ್ತ, "ಅವ್ರಿಗೆ ಹೇಳ, ಏಣಿ ಸಡಲಾಗೇತಿ, ಯಾರಿಗರ ಹಿಡ್ಯಾಕ ಹೇಳ್ರಿ ಅಂತ" ಎಂದರು. ಕಾಕಾ ಮಾರು ದೂರದಲ್ಲಿದ್ದರು, ಮಾತು ನೇರವಾಗಿ ಕೇಳಿಸಿತ್ತು. ಆದರೂ ನಾನು ಹೇಳುವತನಕ ಕಾದರು. ನಾನು ಹೇಳಿದೆ. "ಆಕಿಗೆ ಹೇಳ, ಬಿದ್ರ ನಾ ಜವಾಬ್ದಾರ ಅಲ್ಲ" ಎಂದು ಅವರೂ ನನಗೇ ಹೇಳಿ, ಎದ್ದು ಬಂದು ಏಣಿ ಹಿಡಿದರು.

ಅಟ್ಟದಲ್ಲಿ ಕಾಲಿಟ್ಟ ಕಡೆಯೆಲ್ಲ ಹಲಗೆ ಕಿರುಗುಟ್ಟಿತು. ಹಂಚಿನ ಸಂದಿಯಿಂದ ಬೆಳಕು ಕಡ್ಡಿ ಕಡ್ಡಿಯಾಗಿ ಇಳಿಯುತ್ತಿತ್ತು, ಅದರಲ್ಲಿ ಮೆಣಸಿನಕಾಯಿಯ ಕೆಂಪು ಧೂಳು ತೇಲುತ್ತಿತ್ತು. ರಸ್ತೆಯ ಕಡೆ ಚಾವಣಿ ಗಿಡ್ಡಗೆ, ಕಡಿದಾಗಿ ಇಳಿದಿತ್ತು. ಹಿಂದಿನ ಕಡೆ ಯಾವ ಕಾಲದಲ್ಲೋ ಮನೆ ಬೆಳೆಸಿದ್ದರಿಂದ ಅತ್ತಣ ಇಳಿಜಾರು ಉದ್ದಕ್ಕೆ, ನಿಧಾನಕ್ಕೆ ಚಾಚಿಕೊಂಡು ಹೋಗಿತ್ತು. ಹೀಗಾಗಿ ಚಾವಣಿಯ ನೆತ್ತಿ ನಡುಮಧ್ಯದಲ್ಲಿ ಇರಲಿಲ್ಲ. ಒಂದು ಮೂಲೆಯಲ್ಲಿ ಮೂರನೆಯ ಇಳಿಜಾರು ಬೇರೆ ಬಂದು ಕೂಡಿತ್ತು. ಅಟ್ಟದ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಗೆ, ಸರಿಯಾಗಿ ನನ್ನ ಹಣೆಯ ಮಟ್ಟಕ್ಕೆ ಒಂದು ದಪ್ಪ ಸಾಗುವಾನಿ ತೊಲೆ ಅಡ್ಡ ಹಾದಿತ್ತು.

"ಇಲ್ಲಿ ನಾ ಇರಬೇಕು" ಎಂದರು ಕಾಕು. "ಮಂಚ, ಕಿಡಕಿ, ಒಂದು ಗ್ಯಾಸ್ ಕಟ್ಟಿ. ಹೊರಗಿಂದ ಬ್ಯಾರೆ ಮೆಟ್ಟಲಾ. ಕೆಳಗಿನ ಮಂದಿ ಮಾರಿ ನೋಡ್ದಂಗ ಏರಿ ಬರಬೇಕು, ಇಳದ ಹೋಗಬೇಕು."

ಕೆಳಗಿನ ಮಂದಿ ಅಂದರೆ ಒಬ್ಬರೇ. ನಾನು ಕಾರಣ ಕೇಳದೆ ಟೇಪು ಬಿಚ್ಚಿದೆ. ಆದರೆ ಅವರು ತಾವಾಗಿಯೇ, ಬೈಯುವ ದನಿಯಲ್ಲೇ ಹೇಳಿದರು. ಅವರ ತವರು ಅಕಿವಾಟ. ತಾಯಿಗೆ ಜೀವ ಹೋಗುವ ಹೊತ್ತು ಬಂದಾಗ ಅಣ್ಣ ಫೋನ್ ಮಾಡಿದ್ದ. ಫೋನ್ ಎತ್ತಿಕೊಂಡಿದ್ದು ಕಾಕಾ. ಅಂದು ಬಾಜಾರದ ದಿನ, ಅಂಗಡಿ ತುಂಬ ಗಿರಾಕಿ, ಒಳಗೆ ಬಂದವರಿಗೆ ಚಹಾ ಊಟ ಆಗಬೇಕಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಸುದ್ದಿ ಹೇಳಿದರು.

"ನಾ ಹೋಗೂದ್ರಾಗ ನಮ್ಮವ್ವನ ಸುಟ್ಟ ಬಂದಿದ್ರು. ಆವತ್ತಿಂದ ಈ ಮನುಷ್ಯಾನ ಕೂಡ ಮಾತಿಲ್ಲ. ಮನಿ ಬಿಟ್ಟ ಹೋಗಾಕ ನಾ ಏನ್ ತಪ್ಪ ಮಾಡೇನಿ? ಮನಿ ನಂದೂ ಐತಿ. ಮ್ಯಾಲೆ ಇರತೇನಿ." ಆಮೇಲೆ ನನ್ನ ಕೈಯ ಟೇಪಿನ ಕಡೆ ನೋಡಿ, "ಮಾರಿ ಏನ್ ನೋಡಾಕತ್ತಿ? ಅಳಿ" ಎಂದರು.

ಅಳೆದೆ. ನೆತ್ತಿ, ಸೂರು, ಮೂಲೆ, ತೊಲೆ ಎಲ್ಲವನ್ನೂ ಅಳೆದೆ. ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತು, ಕಣ್ಣು ಉರಿಯಿತು. ಹೊರಡುವಾಗ ತಲೆ ಎತ್ತಿ ತೊಲೆಗೆ ಹಣೆ ಕುಟ್ಟಿಕೊಂಡೆ. ಕಾಕು ಅಯ್ಯೋ ಎನ್ನಲಿಲ್ಲ. "ಕಣ್ಣ ಎಲ್ಲಿಟ್ಟಿದ್ದಿ?" ಎಂದರು.

ಮರುದಿನ ಕಚೇರಿಯಲ್ಲಿ ಆ ಅಟ್ಟವನ್ನು ಸಾಫ್ಟ್‌ವೇರಿನೊಳಗೆ ಕಟ್ಟಲು ಕೂತೆ. ಗೋಡೆ ಎಬ್ಬಿಸಿದೆ. ನಾಲ್ಕು ಗೋಡೆ ಕೂಡಿದ ತಕ್ಷಣ ಅದು ಇದೊಂದು ಕೋಣೆ ಎಂದು ತಾನೇ ತೀರ್ಮಾನಿಸಿ, ತಲೆಯ ಮೇಲೆ ಚಪ್ಪಟೆಯಾಗಿ ಒಂದು ಚಾವಣಿ ಮುಚ್ಚಿತು, ಡಬ್ಬಿಗೆ ಮುಚ್ಚಳ ಹಾಕಿದಂತೆ. ಇಳಿಜಾರಾಗಿಸು ಎಂದು ಕೇಳುವ ಜಾಗವೇ ಅದರಲ್ಲಿ ಇರಲಿಲ್ಲ. ಹೊರಗಿನಿಂದ ಹಂಚಿನ ಮಾಡು ಹೊದಿಸುವ ಒಂದು ಗುಂಡಿ ಇತ್ತು. ಒತ್ತಿದೆ. ಎರಡೂ ಕಡೆ ಸಮ ಇಳಿಜಾರು, ನೆತ್ತಿ ನಟ್ಟನಡುವೆ, ಶಾಲೆಯ ಮಕ್ಕಳು ಬರೆಯುವ ಮನೆಯಂತೆ. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇರುವ ಮನೆಗಳು ಲೋಕದಲ್ಲಿ ಇವೆ ಎಂಬುದು ಆ ಸಾಫ್ಟ್‌ವೇರ್ ಬರೆದವರಿಗೆ ಗೊತ್ತೇ ಇರಲಿಲ್ಲವೇನೋ. ಅಷ್ಟಾದರೂ ಒಳಗೆ ಹೋಗಿ ನೋಡಿದರೆ ಮತ್ತೆ ಅದೇ ಚಪ್ಪಟೆ ಮುಚ್ಚಳ. ಹೊರಗಿನ ಇಳಿಜಾರಿಗೂ ಒಳಗಿನ ಕೋಣೆಗೂ ಸಂಬಂಧವೇ ಇಲ್ಲ.

ಒಂದೊಂದು ಗೋಡೆಗೂ ಈ ತುದಿಗೆ ಒಂದು ಎತ್ತರ, ಆ ತುದಿಗೆ ಒಂದು ಎತ್ತರ ಕೊಟ್ಟೆ. ಗೋಡೆಗಳೇನೋ ಓರೆಯಾದವು, ಚಾವಣಿ ಮಾತ್ರ ಎತ್ತರದ ತುದಿಯಲ್ಲೇ ಚಪ್ಪಟೆಯಾಗಿ ಗಾಳಿಯಲ್ಲಿ ನಿಂತಿತು. ನಡುವಿನ ಸಂದಿಯಿಂದ ನೀಲಿ ಆಕಾಶ ಕಾಣುತ್ತಿತ್ತು. ಸಹಾಯದ ಪುಟ ತೆರೆದರೆ ಉಪದೇಶ ಹೀಗಿತ್ತು: ಚಾವಣಿಯನ್ನು ಅಡಗಿಸಿ, ಒಂದು ಹಲಗೆ ತಂದು ಓರೆ ಮಾಡಿ ಇಡಿ. ಅಂದರೆ ಸೋಫಾ, ಮಂಚ, ಟೀಪಾಯಿಗಳ ಸಾಲಿನಲ್ಲಿ ಚಾವಣಿಯೂ ಒಂದು ಸಾಮಾನು!

ಇಟ್ಟೆ. ಹಲಗೆಯ ಅಂಚು ಗೋಡೆ ಸೀಳಿಕೊಂಡು ಆಚೆ ಬಂತು. ಅದನ್ನು ಸರಿಪಡಿಸಿದರೆ ನೆತ್ತಿಯಲ್ಲಿ ಎರಡು ಹಲಗೆಗಳು ಒಂದರೊಳಗೊಂದು ಹೊಕ್ಕವು. ಮೂಲೆಯ ಮೂರನೆಯ ಇಳಿಜಾರಿಗೆ ತ್ರಿಕೋನದ ಹಲಗೆ ಬೇಕಿತ್ತು, ಅದು ಆಯತ ಬಿಟ್ಟು ಬೇರೆ ಕೊಡಲೊಲ್ಲದು. ಚಾವಣಿಗೆ ನೇತುಹಾಕಿದ ಫ್ಯಾನು ಅಡಗಿಸಿಟ್ಟ ಹಳೆಯ ಚಪ್ಪಟೆ ಚಾವಣಿಯನ್ನೇ ಹಿಡಿದುಕೊಂಡು ಹಂಚಿನ ಆಚೆ ತಿರುಗುತ್ತಿತ್ತು. ಕಪಾಟು ಇಟ್ಟರೆ ಅದರ ತಲೆ ಹಂಚು ತೂರಿಕೊಂಡು ಬೀದಿ ನೋಡುತ್ತಿತ್ತು. ಸಾಫ್ಟ್‌ವೇರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಮೌಸನ್ನು ಎತ್ತಿ ಮೇಜಿಗೆ ಕುಕ್ಕುತ್ತಿದ್ದೆ. ಸರ್ ತಮ್ಮ ಕ್ಯಾಬಿನ್ನಿನಿಂದಲೇ, "ಅದು ಫುಕಟ ಬಂದಿಲ್ಲ" ಎಂದು ಕೂಗುತ್ತಿದ್ದರು.

"ಸರ್, ಇದರಲ್ಲಿ ಇಳಿಜಾರು ಆಗುವುದಿಲ್ಲ. ಬೇರೆ ಯಾವುದರಲ್ಲಾದರೂ ಮಾಡೋಣ" ಎಂದೆ.

"ಆಗುತ್ತದೆ. ನಿನಗೆ ಬರುವುದಿಲ್ಲ ಅನ್ನು."

ಆಮೇಲೆ ಬಂದು ಕುರ್ಚಿಯ ಹಿಂದೆ ನಿಂತರು. ಅಷ್ಟು ಹೊತ್ತಿಗೆ ನಾನು ಹೇಗೋ ಎರಡು ಇಳಿಜಾರು ಕೂಡಿಸಿ, ಮೂಲೆಯನ್ನು ಪರದೆಯ ಹಿಂದೆ ಮುಚ್ಚಿ, ತೊಲೆಯನ್ನೂ ಇಟ್ಟಿದ್ದೆ. ತೊಲೆಯ ಎರಡು ತುದಿಗಳು ಹಲಗೆ ಸೀಳಿ ಹೊರಚಾಚಿ, ಬೆಳಕು ಬಿದ್ದಲ್ಲಿ ವಿಕಾರವಾದ ಕರಿ ಪಟ್ಟೆ ಮೂಡಿತ್ತು. ಸರ್ ಕಂಪ್ಯೂಟರಿನ ಪರದೆಗೆ ಬೆರಳು ಕುಟ್ಟಿದರು. "ತೇ ಕಾಢೂನ್ ಟಾಕ್." ತೊಲೆ ತೆಗೆದುಹಾಕು ಎಂದು.

"ಸರ್, ಅದು ಹಣೆಯ ಮಟ್ಟಕ್ಕಿದೆ. ಅಲ್ಲೇ ನಡೆದಾಡಬೇಕು. ತೆಗೆದರೆ ಚಿತ್ರ ಸುಳ್ಳಾಗುತ್ತದೆ."

"ಗಿರಾಕಿ ನೋಡುವುದು ಚಿತ್ರ. ತೊಲೆಯ ವಿಷಯ ಸೈಟಿನ ಮೇಲೆ ನೋಡೋಣ" ಎಂದು ಅವರೇ ಬಗ್ಗಿ, ನನ್ನ ಕೈಯ ಕೆಳಗಿನಿಂದ ಮೌಸ್ ಎಳೆದುಕೊಂಡು, ತೊಲೆಯನ್ನು ಆರಿಸಿ ಅಳಿಸಿಬಿಟ್ಟರು. ಚಿತ್ರ ತಟ್ಟನೆ ಚೆಂದವಾಯಿತು. ಬಿಳಿ ಇಳಿಜಾರಿನ ಕೆಳಗೆ ಬಿಳಿ ಹಾಸಿಗೆ, ಕಿಟಕಿಯಲ್ಲಿ ಹೂವಿನ ಕುಂಡ.

ತೋರಿಸಲು ಸರ್ ತಮ್ಮ ಕಾರಿನಲ್ಲೇ ಹೊರಟರು, ಜೊತೆಗೆ ನಾನು. ಅಂಗಡಿಯ ಗಾದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಕಾಕಾ ಒಂದು ಬದಿಗೆ, ಕಾಕು ಬಾಗಿಲ ಚೌಕಟ್ಟಿಗೆ ಆತು ಇನ್ನೊಂದು ಬದಿಗೆ. ಚಿತ್ರ ಬಂದೊಡನೆ ಕಾಕುವಿನ ಮುಖ ಸಡಿಲವಾಯಿತು. ಆ ಮುಖ ಹಾಗಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ಹೆಜ್ಜೆ ಮುಂದೆ ಬಂದು, "ಇದು ನಮ್ಮ ಅಟ್ಟಾನ?" ಎಂದರು.

ಕಾಕಾ ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ತೊಲಿ ಎಲ್ಲಿ?"

ಸರ್ ಲ್ಯಾಪ್‌ಟಾಪನ್ನು ಕಾಕುವಿನ ಕಡೆ ತಿರುಗಿಸಲು ಹೋದರು.

"ನಮ್ಮ ಅಜ್ಜ ಇಡಿಸಿದ ತೊಲಿ ಐತಿ ಅಲ್ಲಿ. ನಾಕ ಮಂದಿ ಎತ್ತಿದ್ದು. ಕಂಪ್ಯೂಟರಿನಾಗ ಕೊಯ್ದ್ರೇನ?" ಅವರು ನಗತೊಡಗಿದರು. ಹೆಂಡತಿಯ ಕಡೆ ನೋಡದೆ ಹೆಂಡತಿಗೆ ಕೇಳಿಸಲೆಂದೇ ನಕ್ಕ ನಗೆ ಅದು. "ಆಕಿಗೆ ಹೇಳ ತಂಗಿ, ಚಿತ್ರದಾಗ ಸಂಸಾರ ಮಾಡ ಅನ್ನು. ಖರೆ ಅಟ್ಟದಾಗ ಆಗಂಗಿಲ್ಲ. ಕಂಪ್ಯೂಟರಿಗೂ ತಿಳದೈತಿ, ಅದಕ್ಕ ತೊಲಿ ಮುಚ್ಚಿಟ್ಟೈತಿ."

ಕಾಕು ಸರ್ ಕಡೆ ತಿರುಗಿದರು. ಸರ್ ಕೈ ಆಡಿಸಿ ಮರಾಠಿಯಲ್ಲಿ, ಬಹಳ ಸಲೀಸಾಗಿ ಹೇಳಿದರು: "ಪೋರಗಿ ವಿಸರಲೀ." ಹುಡುಗಿ ಮರೆತಳು, ಅಷ್ಟೇ.

ನನ್ನ ಬಾಯಿ ಆಮೇಲೆ ನನ್ನ ಕೈಯಲ್ಲಿ ಇರಲಿಲ್ಲ. "ನಾ ಮರತಿಲ್ರಿ. ನಾ ಇಟ್ಟಿದ್ದೆ. ಇವ್ರ ತಮ್ಮ ಕೈಲೇ ಅಳಿಸ್ಯಾರ. ಈ ಸಾಫ್ಟ್‌ವೇರಿಗೆ ಇಳಿಜಾರು ಚಾವಣಿ ಮಾಡಾಕ ಬರೂದಿಲ್ಲ, ತೊಲಿ ಇಟ್ರ ಮಾರಿ ಕೆಡತೈತಿ, ಅದಕ್ಕ ಅಳಿಸ್ಯಾರ" ಎಂದು ಕನ್ನಡದಲ್ಲಿ ಒಂದು ಸಲ, ಸರ್‌ಗೆ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಂದು ಸಲ ಹೇಳಿದೆ. ಗೋಣಿಚೀಲ ಹೊಲಿಯುತ್ತಿದ್ದ ಆಳುಗಳು ಸೂಜಿ ನಿಲ್ಲಿಸಿ ನೋಡುತ್ತಿದ್ದರು.

ಕಾಕು ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮೇಲೇ ಬಂದರು. "ಗೊತ್ತಿತ್ತು ಅಂದ್ರ ಇಲ್ಲಿತನಕ ಬಾಯಿ ಮುಚ್ಚಿಕೊಂಡ ಯಾಕ ಕುಂತಿದ್ದಿ? ಈ ಮನುಷ್ಯಾನ ಮುಂದ ನನ್ನ ಮಾನ ಕಳ್ಯಾಕ ಬಂದ್ರೇನ ಇಬ್ರೂ? ಏಳ್ರಿ. ಆ ಡಬ್ಬಿ ತಗೊಂಡ ನಡೀರಿ ಹೊರಗ!"

ವಾಪಸು ಬರುವಾಗ ಸರ್ ಕಾಗಲದಲ್ಲಿ ಗಾಡಿ ನಿಲ್ಲಿಸಿದರು. ಇಲ್ಲಿಂದ ಇಚಲಕರಂಜಿಗೆ ಬಸ್ಸು ಸಿಗುತ್ತದೆ ಎಂದರು. ಇಳಿದೆ. ಬಾಗಿಲನ್ನು ಎಷ್ಟು ಜೋರಾಗಿ ಹಾಕಬಹುದೋ ಅಷ್ಟು ಜೋರಾಗಿ ಹಾಕಿದೆ. ಕೆಲಸ ಹೋಯಿತೆಂದು ಹೇಳುವ ತೊಂದರೆಯನ್ನು ಇಬ್ಬರೂ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಅವ್ವ ಪೂರ್ತಿ ಕೇಳಿ, "ಮಂದಿ ಮುಂದ ಸರಗ ಹಂಗ ಅನಬಾರದಿತ್ತು" ಎಂದಳು. ನಾನು ತಟ್ಟೆ ಸರಿಸಿ ಎದ್ದೆ. ಅವ್ವನೊಡನೆಯೂ ವಾರವಿಡೀ ಸರಿಯಾಗಿ ಮಾತಾಡಲಿಲ್ಲ. ಸಾಮಾನು ತರಲು ಕೊಲ್ಹಾಪುರಕ್ಕೆ ಹೋದಾಗ ನನ್ನ ಜಾಗದ ಪರದೆಯ ಮೇಲೆ ಅದೇ ಅಟ್ಟವಿತ್ತು. ಆದರೆ ಈಗ ಹಂಚು ಇರಲಿಲ್ಲ. ಸರ್ ಗೋಡೆಗಳನ್ನೇ ಮೇಲೆತ್ತಿ ಸ್ಲ್ಯಾಬು ಹಾಕಿದ್ದರು. ಸಾಫ್ಟ್‌ವೇರಿಗೆ ಬಾರದ್ದನ್ನು ಮನೆಯಿಂದಲೇ ಕಿತ್ತುಹಾಕಿದ್ದರು. ಡಬ್ಬಿಯ ಮೇಲೆ ಡಬ್ಬಿ. ನಾನು ನನ್ನ ಟೇಪು, ಸ್ಕೇಲು ಚೀಲಕ್ಕೆ ಹಾಕಿಕೊಂಡು ಬಂದೆ.

ಆ ಸ್ಲ್ಯಾಬಿನ ಚಿತ್ರವನ್ನು ಕಾಕಾ ಒಪ್ಪಲಿಲ್ಲವಂತೆ. ಹಂಚು ಇಳಿಸುವ ಮಾತೇ ಇಲ್ಲ ಎಂದರಂತೆ. ಅಷ್ಟೇ ಅಲ್ಲ, ಅಟ್ಟದಲ್ಲಿ ಖೋಲಿ, ಅಂದರೆ ಕೋಣೆ, ಆಗುವುದಿಲ್ಲವೆಂದು ಕೊಲ್ಹಾಪುರದ ಕಂಪ್ಯೂಟರೇ ಹೇಳಿದೆ ಎಂದು ಪೇಟೆಯೆಲ್ಲ ಸಾರಿಕೊಂಡು ಬಂದರಂತೆ. ಇದೆಲ್ಲ ನನಗೆ ತಿಳಿದದ್ದು ಕಾಕುವಿನ ಫೋನಿನಿಂದ. ನಂಬರು ಎಲ್ಲಿ ಸಿಕ್ಕಿತೋ.

"ನಿಮ್ಮ ಕಂಪ್ಯೂಟರ್ ನನ್ನ ಮನಿ ಮುರೀತು. ಮಂದಿ ಮುಂದ ನಗಿಗೇಡ ಆಗೇನಿ. ನೀ ಬಂದ ಆ ಖೋಲಿ ಹೆಂಗ ಆಗತೈತಿ ತೋರಿಸಿ ಹೋಗ."

"ನಾ ಕೆಲಸ ಬಿಟ್ಟೇನ್ರಿ ಕಾಕು. ಸರಗೇ ಕೇಳ್ರಿ."

"ಸರ್ ಅಟ್ಟ ಏರಿಲ್ಲ. ಏರಿದಾಕಿ ನೀನು. ಬರಲಿಲ್ಲಂದ್ರ ಇಚಲಕರಂಜಿಗೆ ಬಂದ ನಿಮ್ಮ ಮನಿ ಮುಂದ ಕುಂದ್ರತೇನಿ ನೋಡ."

ಅವರು ಹಾಗೆ ಮಾಡುವವರೇ. ಬೈದುಕೊಳ್ಳುತ್ತ ಹೋದೆ. ಈ ಸಲ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಸುಣ್ಣದ ಕಡ್ಡಿ, ದಾರ, ಟೇಪು ಒಯ್ದೆ. ಅಟ್ಟದ ಹಲಗೆಯ ಮೇಲೆ ಗೆರೆ ಎಳೆದೆ: ಇಲ್ಲಿತನಕ ನೆಟ್ಟಗೆ ನಿಲ್ಲಬಹುದು, ಇಲ್ಲಿತನಕ ಕೂರಬಹುದು, ಇದರಾಚೆ ಮಲಗುವುದೊಂದೇ. ಕಾಕು ಒಂದೊಂದು ಗೆರೆಗೂ ಜಗಳ ತೆಗೆದರು. ನಿಂತು ನೋಡಿದರು, ಕೂತು ನೋಡಿದರು, ಹೋಗಿ ಮಲಗಿಯೂ ನೋಡಿದರು. ಧೂಳಿನಲ್ಲಿ ಅಂಗಾತ ಮಲಗಿಕೊಂಡೇ, "ಈ ಗೆರಿ ತಪ್ಪೈತಿ" ಎಂದರು. ಅಳೆದೆ. ಗೆರೆ ಸರಿಯಾಗಿತ್ತು. ಹೇಳಿದೆ. "ನಿನ್ನ ಟೇಪ ಸುಳ್ಳ" ಎಂದರು.

ಕಡೆಗೆ ತೊಲೆಯ ಹತ್ತಿರ ಬಂದು ನಿಂತೆವು.

"ಇದನ್ನ ಕೊಯ್ಯಸು."

"ಕೊಯ್ಯಾಕ ಬರಂಗಿಲ್ರಿ. ಎರಡೂ ಗ್ವಾಡಿ ಹಿಡಕೊಂಡಿದ್ದೇ ಇದು. ಇದನ್ನ ತಗದ್ರ ಹಂಚ ಸಮೇತ ಎಲ್ಲಾ ಅಂಗಡಿಯಾಗ ಬೀಳತೈತಿ."

"ಬೀಳಲಿ."

"ನೀವು ಮ್ಯಾಲೆ ಇರತೀರಿ ಕಾಕು. ಮೊದಲ ನೀವೇ ಬೀಳತೀರಿ. ಬಗ್ಗಿ ದಾಟಬೇಕ್ರಿ, ಬ್ಯಾರೆ ಹಾದಿ ಇಲ್ಲ."

"ಇಷ್ಟ ವರ್ಷ ಯಾರ ಮುಂದೂ ತಲಿ ಬಗ್ಗಿಸಿಲ್ಲ. ಈ ಕಟಿಗಿ ಮುಂದ ಬಗ್ಗಸ್ಲೇನ?"

ನನಗೂ ರೇಗಿತು. "ಹಂಗಾರ ತೊಲಿ ಈಚಿಕೇನ ಇರ್ರಿ. ಅರ್ಧಾ ಅಟ್ಟದಾಗ. ಆಚಿ ಅರ್ಧಾ ಬಿಟ್ಟಬಿಡ್ರಿ!" ಎಂದೆ. ಸಿಟ್ಟಿನಲ್ಲಿ ಅಂದದ್ದು. ಅಂದ ಮೇಲೆ ಇಬ್ಬರೂ ನಾವು ನಿಂತಿದ್ದ ಹಿಂದಿನ ಕಡೆಯನ್ನು ಸುತ್ತ ನೋಡಿದೆವು. ಹಿಂದಿನ ಕಡೆಯ ಅರ್ಧದಲ್ಲಿ ಆ ಉದ್ದನೆಯ ಇಳಿಜಾರಿತ್ತು. ಮಂಚ ತಗ್ಗಿಗೆ ಹೋಗುತ್ತಿತ್ತು, ಅಡುಗೆ ಕಟ್ಟೆ ತೊಲೆಯ ಬದಿಯ ಎತ್ತರದಲ್ಲಿ ಬರುತ್ತಿತ್ತು, ಹೊರಮೆಟ್ಟಿಲಿಗೂ ಅಲ್ಲೇ ಜಾಗವಿತ್ತು. ತೊಲೆಯ ಗುಂಟ ಹಲಗೆಯ ಗೋಡೆ ನಿಲ್ಲಿಸಿದರೆ ಆಯಿತು.

ಕೆಳಗೆ ಬಂದು ಕಾಕಾ ಮುಂದೆ ಹೇಳಿದೆ. ಕಾಕು ಬಾಗಿಲಲ್ಲೇ ನಿಂತಿದ್ದರು. ಕಾಕಾ ತೂಗುತ್ತಿದ್ದ ಮೆಣಸಿನಕಾಯಿಯನ್ನು ಹಾಗೇ ಬಿಟ್ಟು ಯೋಚಿಸಿದರು.

"ಆಕಿಗೆ ಹೇಳ. ತೊಲಿ ಆಚಿಕಿನ ಅರ್ಧಾ ನಂದು. ಅಲ್ಲಿ ಚೀಲ ಇಡತೇನಿ."

"ಅವ್ರಿಗೆ ಹೇಳ" ಎಂದರು ಕಾಕು, "ಮೆಣಸಿನಕಾಯಿ ಚೀಲ ಅಲ್ಲಿ ಇಟ್ರ ಘಾಟು ನನ್ನ ಹಾಸಿಗಿಗೆ ಬರತೈತಿ."

"ಆಕಿಗೆ ಹೇಳ, ಮೂವತ್ತ ವರ್ಷ ಈ ಘಾಟಿನಾಗ ಉಂಡಾಳ. ಹೊಸದೇನಲ್ಲ."

"ಅವ್ರಿಗೆ ಹೇಳ..."

"ನಾ ಯಾರಿಗೂ ಏನೂ ಹೇಳಂಗಿಲ್ರಿ" ಎಂದೆ. "ಹಲಗಿ ಗ್ವಾಡಿ ಸಂದಿ ಇಲ್ದಂಗ ಮಾಡಸ್ತೇನಿ, ಅಷ್ಟ ನನ್ನ ಕೆಲಸ. ಘಾಟು ಬಂದ್ರ ನೀವು ನೀವು ನೋಡಕೊಳ್ರಿ."

ಅಂದು ಹೊರಡಲು ಎದ್ದಾಗ ಕಾಕು, "ಹೊತ್ತ ಮುಳುಗೂದ್ರಾಗ ಉಂಡ ಹೋಗ. ಆಮ್ಯಾಲೆ ನಮ್ಮ ಮನಿಯಾಗ ಒಲಿ ಹಚ್ಚಂಗಿಲ್ಲ" ಎಂದರು. ಜೈನರ ಮನೆ ಅದು. ರೊಟ್ಟಿ, ಮಡಕಿ ಕಾಳಿನ ಪಲ್ಯ. ಬಡಿಸುವಾಗಲೂ, ನಿಮ್ಮ ಇಚಲಕರಂಜಿ ಮಂದಿ ಬರೇ ಬಾಯಿ ಎಂದು ಬೈಯುತ್ತಲೇ ಇದ್ದರು. ಹಸಿದಿದ್ದೆ, ಉಂಡೆ.

ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಿತು. ಆಗಾಗ ಹೋಗಿ ನೋಡಿ ಬರುತ್ತಿದ್ದೆ, ಪ್ರತಿ ಸಲವೂ ಒಂದು ಜಗಳ. ಹಲಗೆಯ ಗೋಡೆಯ ಮೇಲಂಚನ್ನು ಇಳಿಜಾರಿಗೆ ಕೂಡುವಂತೆ ಕತ್ತರಿಸುವಾಗ ಒಂದು ಕಡೆ ತಪ್ಪಿತು. ಕಾಕು ಬಡಿಗನನ್ನು ಬಿಟ್ಟು ನನ್ನನ್ನು ಹಿಡಿದರು. ಕಿಟಕಿ ಇನ್ನೂ ಎತ್ತರಕ್ಕೆ ಬೇಕೆಂದರು. ಅಲ್ಲಿ ಗೋಡೆಯೇ ಇಲ್ಲ, ಹಂಚಿದೆ ಎಂದರೆ ಹಂಚಿನಲ್ಲೇ ಇಡು ಎಂದರು. ಕೊನೆಗೆ ನಾಲ್ಕು ಹಂಚು ತೆಗೆಸಿ ಗಾಜಿನ ಹಂಚು ಹಾಕಿಸಿದೆವು. ಹಾಸಿಗೆಯ ಮೇಲೆ ಬೆಳಕು ಬಿತ್ತು. ಕಾಕು ಬಿಸಿಲೆಂದು ಬೈದರು.

ಅವರು ಮೇಲೆ ಹೋಗಿ ಇದ್ದ ಮೇಲೆ ಒಮ್ಮೆ ಹೋಗಿದ್ದೆ. ಒಗೆದ ಸೀರೆ ಜಂತಿಗೆ ಇಳಿಬಿದ್ದಿತ್ತು, ಕಟ್ಟೆಯ ಮೇಲೆ ಪಾತ್ರೆಗಳು ಬೋರಲಾಗಿದ್ದವು. ಖೋಲಿ ಚೆನ್ನಾಗಿ ಬಂದಿತ್ತು. ನಾನು ಸ್ವಂತ ಕೆಲಸ ಶುರು ಮಾಡುವವಳಿದ್ದೆ, ತೋರಿಸಲು ಒಂದಾದರೂ ಫೋಟೋ ಬೇಕಿತ್ತು. ಫೋನ್ ಎತ್ತಿದೆ. ಕಾಕು ಮುಂದೆ ಬಂದು ಅಂಗೈ ಅಡ್ಡ ಹಿಡಿದರು.

"ಫೋಟೋ ಬ್ಯಾಡ. ಕಂಡ ಕಂಡವ್ರು ಇಣಕಿ ನೋಡಾಕ ಇದೇನ್ ದುಕಾನೇನ?"

"ನನ್ನ ಕೆಲಸಕ್ಕ ಬೇಕಾಗಿತ್ರಿ."

"ನಿನ್ನ ಕೆಲಸ ನಿನಗ, ನನ್ನ ಖೋಲಿ ನನಗ."

ಫೋನನ್ನು ಚೀಲಕ್ಕೆ ಹಾಕಿದೆ. ಹೊರಮೆಟ್ಟಿಲು ಇಳಿದು ಬರುವಾಗ ಅಂಗಡಿಯ ಬದಿಯಲ್ಲಿ ಕಾಕಾ ನಿಂತಿದ್ದರು. ಮೇಲೆ ನೋಡದೆ, ಮೆಲ್ಲಗೆ ಕೇಳಿದರು: "ಮ್ಯಾಲೆ ಶೆಕಿ ಭಾಳ ಆಗತೈತೇನ?" ಹಂಚಿನ ಕೆಳಗೆ ಶೆಕೆ ಆಗುತ್ತದೆ, ಫ್ಯಾನು ಇದೆ ಎಂದೆ. "ಹೂಂ" ಎಂದು ಒಳಗೆ ಹೋದರು. ಮುಂದೆ ಆ ಗಂಡಹೆಂಡಿರ ನಡುವೆ ಮಾತು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಗಡಹಿಂಗ್ಲಜದಲ್ಲೇ ಮದುವೆಯಾಗಿರುವ ಅವರ ಮಗಳು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೇಳಿದರೆ, ಮಾತು ಬಂದಿಲ್ಲ ಎನ್ನುವಂತೆ ತಲೆಯಾಡಿಸಿ ಬಸ್ಸು ಹತ್ತಿದಳು.

ಕೆಲವು ತಿಂಗಳ ಮೇಲೆ ಪರಿಚಯದವರೊಬ್ಬರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಸರ್ ತಮ್ಮ ಕಚೇರಿಯ ಕೆಲಸಗಳೆಂದು ಹಾಕಿಕೊಂಡ ಚಿತ್ರಗಳಲ್ಲಿ ಅದೂ ಒಂದು. ಬಿಳಿ ಇಳಿಜಾರು, ಬಿಳಿ ಹಾಸಿಗೆ, ಕಿಟಕಿಯಲ್ಲಿ ಹೂವಿನ ಕುಂಡ, ತೊಲೆ ಇಲ್ಲ. ಗಡಹಿಂಗ್ಲಜದಲ್ಲಿ ಅಟ್ಟದ ಕೋಣೆ, ಕೆಲಸ ಪೂರ್ಣ ಎಂದು ಕೆಳಗೆ ಬರೆದಿತ್ತು. ನಾನು ಅಲ್ಲೇ ನಿಂತು ಸರ್‌ಗೆ ಫೋನ್ ಹಚ್ಚಿದೆ. ಇಂಥ ಕೋಣೆ ಜಗತ್ತಿನಲ್ಲಿ ಎಲ್ಲೂ ಇಲ್ಲ, ತೆಗೆದುಹಾಕಿ ಎಂದೆ. "ಚಿತ್ರ ನನ್ನ ಕಚೇರಿಯದು, ನೀನು ಯಾರು ಕೇಳಲು?" ಎಂದರು. ನಾನೂ ಸೊಗಸಾದ ಕೊಲ್ಹಾಪುರಿ ಮರಾಠಿಯಲ್ಲಿ ನಾಲ್ಕು ಮಾತು ಅಂದೆ. ಅವನ್ನು ಇಲ್ಲಿ ಬರೆಯಲಾರೆ. ಚಿತ್ರ ಇನ್ನೂ ಅಲ್ಲೇ ಇದೆ. ನೋಡಿದವರು ಮೆಚ್ಚುತ್ತಾರೆ, ನಮಗೂ ಇಂಥದೇ ಬೇಕು ಎಂದು ಬರೆಯುತ್ತಾರೆ.

ಈಗ ಇಚಲಕರಂಜಿಯಲ್ಲಿ ಮನೆಯ ಮುಂದಿನ ಖೋಲಿಯಲ್ಲೇ ನನ್ನ ಕೆಲಸ. ಗಿರಾಕಿಗೆ ಬಣ್ಣದ ಚಿತ್ರ ತೋರಿಸದಿದ್ದರೆ ಯಾರೂ ಕೆಲಸ ಕೊಡುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ನನಗೂ ತಪ್ಪಿಲ್ಲ. ಹೊಸ ಆವೃತ್ತಿ ಬಂದಿದೆ, ಇಳಿಜಾರು ಚಾವಣಿ ಬರುತ್ತದೆ ಎಂದು ದೊಡ್ಡದಾಗಿ ಹೇಳಿಕೊಂಡಿದ್ದಾರೆ. ಹಾಕಿ ನೋಡಿದೆ. ಒಂದು ಇಳಿಜಾರು ಬರುತ್ತದೆ. ಎರಡನೆಯದು ಬೇರೆ ಕೋನದಲ್ಲಿ ಬಂದರೆ ನಡುವೆ ಸೀಳು ಬಿಡುತ್ತದೆ. ಗೋಡೆಯ ಬಣ್ಣ ಚಾವಣಿಗೆ ಹತ್ತುತ್ತದೆ, ಚಾವಣಿಯ ದೀಪ ಈಗಲೂ ಗಾಳಿಯಲ್ಲಿ ನೇತಾಡುತ್ತದೆ. ದೂರು ಬರೆದು ಕಳಿಸಿದೆ. ನಿಮ್ಮ ಸಲಹೆಗೆ ಧನ್ಯವಾದ ಎಂದು ಉತ್ತರ ಬಂತು. ನಾನು ಕೊಟ್ಟದ್ದು ಸಲಹೆ ಆಗಿರಲಿಲ್ಲ.

ಹೋದ ತಿಂಗಳು ಚಂದಗಡದಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಅವರ ಮನೆಯದೂ ಹಂಚಿನ ಅಟ್ಟ. ಅಲ್ಲಿನ ಮಳೆಗೆ ತಕ್ಕಂತೆ ಇನ್ನೂ ಕಡಿದಾದ ಚಾವಣಿ. ಯಾರು ಕಳಿಸಿದರೆಂದು ಕೇಳಿದೆ. ಗಡಹಿಂಗ್ಲಜದ ಕಾಕು ಎಂದಳು.

"ಏನಂದ್ರು?"

ಆಕೆ ಸ್ವಲ್ಪ ತಡವರಿಸಿದಳು. "ಆಕಿ ಬಾಯಿ ಭಾಳ ಕೆಟ್ಟೈತಿ, ಆಕಿ ತೋರಿಸೂ ಚಿತ್ರ ಒಂದೂ ನಂಬಬ್ಯಾಡ ಅಂದ್ರು. ಕೈ ಹಿಡಕೊಂಡ ಹೋಗಿ ಅಟ್ಟದಾಗ ನಿಂದ್ರಸು, ಆಮ್ಯಾಲೆ ಆಕಿ ಹೇಳೂದು ಕೇಳು ಅಂದ್ರು."

ಕೆಟ್ಟ ಸಿಟ್ಟು ಬಂತು. ತೊಲೆ ಅಳಿಸಿದವರು ಬೇರೆ, ಹೆಸರು ಕೆಟ್ಟದ್ದು ನನ್ನದು. ಅಲ್ಲೇ ಫೋನ್ ಮಾಡಿ ಕೇಳಿಬಿಡೋಣ ಎಂದು ನಂಬರು ಒತ್ತಿದೆ. ಕಾಕು ಎತ್ತಿಕೊಂಡು, ಕೆಲಸ ನಡೆದಿದೆ, ಆಮೇಲೆ ಮಾಡು ಎಂದು ಇಟ್ಟುಬಿಟ್ಟರು. ಮತ್ತೆ ಮಾಡಲಿಲ್ಲ. ಟೇಪು, ದಾರ, ಸುಣ್ಣದ ಕಡ್ಡಿ ಚೀಲಕ್ಕೆ ಹಾಕಿಕೊಂಡು, ಆ ಹೆಂಗಸಿನ ಜೊತೆ ಬಸ್‌ಸ್ಟ್ಯಾಂಡಿಗೆ ಹೊರಟೆ.